ನಾಲ್ಕು ಬೆರಳಿನ ಲಂಗರು

“ಇದೇನ್ ಕೆಂಚಮ್ಮಾ, ಲಂಗರು ಅಂತೀಯ, ನೋಡಿದ್ರೆ ಕೋಳಿಕಾಲು ಇದ್ದಂಗಿದೆ! ಆ ಗೂಳಿಯಂಥ ಬೋಟನ್ನ ಇದು ಹಿಡಿದು ನಿಲ್ಲಿಸುತ್ತಾ?” ಎಂದಳು ಪುಟ್ಟೀರಮ್ಮ. ನನ್ನ ಅಂಗಡಿಯ ಮುಂದಿನ ಮಣೆಯ ಮೇಲೆ ಕಾಲು ಚಾಚಿ ಕೂತು, ಮಡಚುವ ಲಂಗರೊಂದನ್ನು ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಕೋಳಿ ಕೆದಕಿದ ತಿಪ್ಪೆ ನೋಡಿಲ್ವೇನೇ ನೀನು? ಕಾಲು ಸಣ್ಣದಾದ್ರೆ ಏನಂತೆ, ಊರಿದ್ರೆ ಬಿಡಲ್ಲ,” ಎಂದೆ ನಾನು.

ಅವಳ ತಮ್ಮ ದ್ಯಾವಣ್ಣ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ದೋಣಿ ಕಟ್ಟುವ ಧಕ್ಕೆಯ ಕಡೆ ನೋಡುತ್ತಿದ್ದ. ಅಲ್ಲಿ ಕಟ್ಟೆಯ ಪಕ್ಕದಲ್ಲಿ ಅವನ ಹೊಸ ಜೆಟ್ ಬೋಟ್ ಬೆಳ್ಳಗೆ ತೇಲುತ್ತಿತ್ತು. ಹಿಂದಿನ ದಿನವಷ್ಟೇ ಲಾರಿಯಿಂದ ಇಳಿದದ್ದು. ಜೊತೆಗೆ ಒಂದು ಮೊಳ ಹಗ್ಗವೂ ಬಂದಿರಲಿಲ್ಲ. ಲಂಗರು, ಸರಪಳಿ, ಕಟ್ಟೆಗೆ ಉಜ್ಜದ ಹಾಗೆ ಬದಿಗೆ ಕಟ್ಟುವ ದಿಂಡು, ಆಪತ್ತಿಗೊಂದು ಹುಟ್ಟು, ಎಲ್ಲವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕಂತೆ. “ಸೊಸೆ ಮನೆ ತುಂಬಿದಳು, ಕೈಯಲ್ಲಿ ಒಂದು ಚೊಂಬೂ ಇಲ್ಲ,” ಎಂದು ಪುಟ್ಟೀರಮ್ಮ ಬೆಳಗಿನಿಂದ ಧಕ್ಕೆಗೆ ಬಂದವರಿಗೆಲ್ಲ ಹೇಳಿಯಾಗಿತ್ತು.

ಮೀನು ಹಿಡಿಯುವ ಸಣ್ಣ ದೋಣಿಗಳು ದಡ ಬಿಟ್ಟು ದೂರ ಹೋಗುವುದಿಲ್ಲ, ದಾಟಲು ನಮ್ಮೂರಿಗೆ ಇದ್ದದ್ದು ಒಂದೇ ದೋಣಿ. ಅದು ದ್ಯಾವಣ್ಣನ ಅಪ್ಪನ ಕಾಲದಿಂದಲೂ ಅವರ ಮನೆಯದೇ. ಆಚೆ ದಡದಲ್ಲಿ ಆಸ್ಪತ್ರೆ, ಕೋರ್ಟು, ದೊಡ್ಡ ಸಂತೆ. ಈಚೆ ದಡದಲ್ಲಿ ನಾವು. ನಡುವೆ ಇರುವುದಕ್ಕೆ ಬೇರೆ ಹೆಸರಿಲ್ಲ, ದೊಡ್ಡ ನೀರು ಅಂತಲೇ ಅನ್ನುವುದು. ಎರಡೂ ದಡದ ಹತ್ತಿರ ನೀರಿನಡಿ ಬಂಡೆಗಳಿವೆ. ಹಿಂದೆ ಯಾರೋ ಮೋಟಾರು ದೋಣಿ ತಂದು ನೋಡಿದ್ದರು, ಅದರ ತಿರುಗುವ ರೆಕ್ಕೆ ಮೊದಲ ವಾರವೇ ಬಂಡೆಗೆ ಬಡಿದು ಮುರಿಯಿತು. ಹಾಗಾಗಿ ಹುಟ್ಟು ಹಾಕುವ ಮರದ ದೋಣಿಯೇ ನಮಗೆ ಗತಿಯಾಗಿತ್ತು. ಈ ಜೆಟ್ ಬೋಟಿಗೆ ಕೆಳಗೆ ರೆಕ್ಕೆಯೇ ಇಲ್ಲ. ಹೊಟ್ಟೆಯಡಿ ಒಂದು ಬಾಯಿದೆ. ಅದರಲ್ಲಿ ನೀರು ಕುಡಿದು, ಹಿಂದಕ್ಕೆ ಉಗುಳಿಕೊಂಡು ಓಡುತ್ತದೆ. ಮೊಣಕಾಲುದ್ದ ನೀರಿದ್ದರೂ ಸಾಕು.

ನನ್ನ ಅಂಗಡಿ ಧಕ್ಕೆಯ ಬಾಯಲ್ಲೇ ಇದೆ. ಹುರಿ, ಸರಪಳಿ, ಕೊಂಡಿ, ರಾಳ, ಹಳೆ ಟೈರು, ಲಾಟೀನಿನ ಗಾಜು, ಇಂಥವು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೊಳ್ಳಲು ಬಂದವರು ಆಡಿದ ಮಾತು ಕೇಳಿಕೊಂಡೇ ಯಾವ ಲಂಗರು ಎಲ್ಲಿಗೆ ಅನ್ನುವುದನ್ನು ಕಲಿತೆ. ಮರಳಿದ್ದರೆ ಎರಡು ಸಲಿಕೆಯದು. ಕೆಸರಿದ್ದರೆ ಅಣಬೆಯ ಹಾಗೆ ತಲೆ ಇರುವುದು. ಬಂಡೆಯ ಸಂದಾದರೆ ನಾಲ್ಕು ಬೆರಳು ಬಿಚ್ಚಿಕೊಳ್ಳುವ ಈ ಕೋಳಿಕಾಲು. ಯಾವುದೇ ಆಗಲಿ, ಹಗ್ಗಕ್ಕಿಂತ ಮುಂಚೆ ಒಂದೆರಡು ಮಾರು ಸರಪಳಿ ಇರಬೇಕು. ಸರಪಳಿ ತಳದಲ್ಲಿ ಮಲಗಿದರೇನೇ ಲಂಗರು ನೆಲ ಕಚ್ಚುವುದು.

“ಬದಿಗೆ ಟೈರು ಕೊಡ್ಲಾ, ರಬ್ಬರ್ ದಿಂಡು ಕೊಡ್ಲಾ?” ಎಂದೆ ದ್ಯಾವಣ್ಣನಿಗೆ. “ಟೈರು ಕಟ್ಟಿದ್ರೆ ಆ ಬಿಳಿ ಬಣ್ಣ ನಾಳೆಗೇ ಮಸಿಬಟ್ಟೆ ಆಗುತ್ತೆ.”

“ದಿಂಡೇ ಕೊಡು ಅಕ್ಕ.”

“ಲೈಫ್ ಜಾಕೆಟ್ಟು?”

“ಕೂರೋರಿಗೆಲ್ಲ ಒಂದೊಂದು.”

ಪುಟ್ಟೀರಮ್ಮ ಅದರಲ್ಲೊಂದನ್ನು ಸೀರೆಯ ಮೇಲೆಯೇ ತೊಟ್ಟುಕೊಂಡು ಎದ್ದು ನಿಂತಳು. ಕಿತ್ತಳೆ ಬಣ್ಣದ ಎರಡು ಹಲಗೆಗಳ ನಡುವೆ ಅವಳ ಮುಖ ಹಣ್ಣಿನಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಗೆ ಕಾಣುತ್ತಿತ್ತು. “ನಮ್ಮಜ್ಜನ ಕಾಲದಲ್ಲೇ ಇದು ಬಂದಿದ್ರೆ ಊರಲ್ಲಿ ಒಂದು ಜಗುಲೀನೂ ಒದ್ದೆ ಆಗ್ತಿರಲಿಲ್ಲ ನೋಡು,” ಎಂದಳು. ನಾನು ನಕ್ಕೆ. ನಕ್ಕ ಮೇಲೆ ನಗಬಾರದಿತ್ತು ಅನ್ನಿಸಿತು.

ಹಿಂದೆ ನೋಡುವ ಕನ್ನಡಿಯನ್ನು ಸಿಕ್ಕಿಸಲು ಬೋಟಿನಲ್ಲಿ ಎರಡು ತೂತು ಬಿಟ್ಟಿದ್ದರಂತೆ. ಅದಕ್ಕೆ ಬಿರಡೆ ಕೊಡು ಎಂದ ದ್ಯಾವಣ್ಣ. ಕೊಟ್ಟೆ. ದೊಡ್ಡ ನೀರಿನ ಮೇಲೆ ನಾವು ಯಾರೂ ಹಿಂದೆ ತಿರುಗಿ ನೋಡುವವರಲ್ಲ.

ನಮ್ಮ ದೋಣಿ ಯಾವಾಗ ಹೊರಟರೂ ಹಿಂದುಗಡೆ ತೆಂಗಿನ ನಾರಿನ ಹಗ್ಗವೊಂದು ನೀರಲ್ಲಿ ಬಿದ್ದುಕೊಂಡು ಬರುತ್ತಿತ್ತು. ಹಿಡಿಹಗ್ಗ ಅನ್ನುತ್ತೇವೆ. ಮುಳುಗಿ ಸತ್ತವರು ಹಿಡಿದುಕೊಂಡು ಊರಿಗೆ ಬರಲಿಕ್ಕೆ. ನಡುನೀರಿಗೆ ಬಂದಾಗ ಹಗ್ಗ ಬಿಗಿಯುತ್ತದೆ, ಹುಟ್ಟು ಹಾಕುವವರ ಉಸಿರು ಜೋರಾಗುತ್ತದೆ, ಕೂತವರು ಮಾತು ನಿಲ್ಲಿಸುತ್ತಾರೆ. ಧಕ್ಕೆ ಮುಟ್ಟಿದ ಮೇಲೆ ಹಗ್ಗ ಸಡಿಲ. ಆ ಸಂಜೆ ಅವರವರ ಮನೆಯ ಜಗುಲಿಯಲ್ಲಿ ಒಂದು ಚಾಪೆ ಹಾಸಿಡುತ್ತೇವೆ. ಬೆಳಿಗ್ಗೆ ಹೊತ್ತಿಗೆ ಚಾಪೆ ಒದ್ದೆಯಾಗಿರುತ್ತದೆ. ಅಷ್ಟೇ. ಅದನ್ನು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಹಾಸುತ್ತೇವೆ. ಮಳೆಗಾಲದಲ್ಲಿ ಒಣಗುವುದಿಲ್ಲ ಅನ್ನುವುದೊಂದೇ ತಾಪತ್ರಯ. ಆಚೆ ದಡಕ್ಕೆ ಹೋಗುವ ದೋಣಿಯನ್ನೂ ಅವರು ಬಿಡುವುದಿಲ್ಲ. ಸಂತೆಗೆ ಹೋಗಿ ಬರುತ್ತಿದ್ದ ಅಭ್ಯಾಸ, ಸುಲಭಕ್ಕೆ ಹೋಗುತ್ತದೆಯೆ?

ನಮ್ಮ ಯಜಮಾನರು ಮುಳುಗುವ ಕೆಲಸದವರು. ಬಂಡೆಯ ಸಂದಿನಲ್ಲಿ ಯಾರದಾದರೂ ಲಂಗರು ಸಿಕ್ಕಿಕೊಂಡರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಬಿಡಿಸಿ ಬರುತ್ತಿದ್ದರು. ಎರಡು ಸಲ ಜಗ್ಗಿ, ತಡೆದು, ಇನ್ನೊಂದು ಸಲ ಜಗ್ಗಿದರೆ ‘ಎಳೀರಿ’ ಎಂದು ಅರ್ಥ. ಒಂದು ದಿನ ಲಂಗರು ಬಂತು, ಅವರು ಬರಲಿಲ್ಲ. ಆಮೇಲಿನಿಂದ ಹಿಡಿಹಗ್ಗದಲ್ಲಿ ಬರುತ್ತಿದ್ದರು. ನಾನು ಆಗಾಗ ಏನಾದರೂ ನೆಪ ಮಾಡಿಕೊಂಡು ಸಂಜೆಯ ದೋಣಿಯಲ್ಲಿ ಹಿಂದಿನ ಹಲಗೆಯ ಮೇಲೆ, ಹಿಂದಕ್ಕೆ ಬೆನ್ನು ಮಾಡಿ ಕೂತು, ಅಂಗೈಯನ್ನು ಹಗ್ಗದ ಮೇಲಿಟ್ಟು ಬರುತ್ತಿದ್ದೆ. ಅಷ್ಟು ಜನರ ಭಾರದ ನಡುವೆಯೂ ತಿಳಿಯುತ್ತಿತ್ತು. ಎರಡು, ಒಂದು ತಡೆ, ಮತ್ತೊಂದು. ಮನೆಗೆ ಬಂದು ಚಾಪೆ ಹಾಸುತ್ತಿದ್ದೆ. ಇಷ್ಟು ವರ್ಷದ ನನ್ನ ಸಂಸಾರ ಅಂದರೆ ಅದೇ.

ದ್ಯಾವಣ್ಣನ ಹೆಂಡತಿ ರತ್ನಿ ಸತ್ತದ್ದು ನೀರಲ್ಲಲ್ಲ, ದೋಣಿಯಲ್ಲಿ. ಹೊಟ್ಟೆನೋವು ಅಂತ ಬೆಳಿಗ್ಗೆ ಮಲಗಿದವಳು ಮಧ್ಯಾಹ್ನದ ಹೊತ್ತಿಗೆ ಹಾವಿನ ಹಾಗೆ ಸುತ್ತಿಕೊಳ್ಳುತ್ತಿದ್ದಳಂತೆ. ಆಸ್ಪತ್ರೆಗೆ ಹೊರಟರು. ಅಂದು ಸಂತೆಯ ದಿನ. ನಡುನೀರಿನಲ್ಲಿ ಹಗ್ಗ ಬಿಗಿದದ್ದು ಬಿಗಿದೇ ಹೋಯಿತು. ನಾಲ್ಕು ಜನ ಹುಟ್ಟು ಹಾಕಿದರೂ ದೋಣಿ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತ್ತಂತೆ. ಕುಡುಗೋಲು ಕೈಗೆ ಸಿಗುವಲ್ಲೇ ಇತ್ತು. ಕೊಯ್ಯಿ ಅಂತ ಯಾರೂ ಅನ್ನಲಿಲ್ಲ. ಹಗ್ಗದಲ್ಲಿ ಎಲ್ಲರ ಮನೆಯವರೂ ಇದ್ದರು. ದ್ಯಾವಣ್ಣನ ಅಪ್ಪನೂ ಇದ್ದ. ಮುಳುಗಿದವರು ಧಕ್ಕೆ ಮುಟ್ಟುವ ತನಕ ತಾವಾಗಿ ಕೈ ಬಿಟ್ಟದ್ದನ್ನು ನಮ್ಮೂರು ಕಂಡಿಲ್ಲ. ಆಚೆ ದಡ ಕಾಣುವ ಹೊತ್ತಿಗೆ ರತ್ನಿ ತಣ್ಣಗಾಗಿದ್ದಳು.

ಮರದ ದೋಣಿಯನ್ನು ಅವನು ದಡಕ್ಕೆಳೆದು ಬೋರಲು ಹಾಕಿದ. ಅದರ ಹಲಗೆ ಕಿತ್ತು ಮಾರಿದ, ಇದ್ದ ಗದ್ದೆ ಮಾರಿದ, ಈ ಬಿಳಿ ಬೋಟ್ ತರಿಸಿದ. ಆಸ್ಪತ್ರೆಗೆ ಓಡುವ ದೋಣಿ ಒಂದಾದರೂ ಊರಿಗೆ ಇರಲಿ ಅಂತ. ಅದು ಬರುವವರೆಗೆ ನಡುನೀರಿನ ಮೇಲೆ ಯಾರೂ ಹೋಗಲಿಲ್ಲ, ನೀರಿಂದ ಯಾರೂ ಬರಲಿಲ್ಲ. ಊರಿನ ಜಗುಲಿಗಳೆಲ್ಲ ಒಣಗಿದವು.

“ಹಗ್ಗ ಎಷ್ಟು ಮಾರು ಕೊಡ್ಲಿ?” ಎಂದೆ.

“ಲಂಗರಿಗೆ ಎಷ್ಟು ಬೇಕೋ ಅಷ್ಟು.”

“ಅದು ಸರಿ. ಆಳದ ಐದರಷ್ಟು ಕೊಡ್ತೀನಿ. ಹಿಡಿಹಗ್ಗಕ್ಕೆ?”

ದ್ಯಾವಣ್ಣ ಮತ್ತೆ ಬೋಟಿನ ಕಡೆ ನೋಡಿದ. “ಹಿಡಿಹಗ್ಗ ಬೇಡ ಅಕ್ಕ,” ಎಂದ.

“ಬೇಡ ಅಂದ್ರೆ?”

“ಬೋಟಿನ ಹೊಟ್ಟೇಲಿ ಬಾಯಿದೆ. ಹಗ್ಗ ಒಂಚೂರು ಸಡಿಲ ಬಿದ್ರೆ ಎಳ್ಕೊಂಡು ನುಂಗುತ್ತೆ. ನುಂಗಿದ್ರೆ ನಡುನೀರಲ್ಲಿ ನಿಂತ್ವಿ ಅಂತಲೇ. ಬೋಟ್ ತಂದು ಇಳಿಸಿದೋರೇ ಹೇಳಿದಾರೆ.”

“ಅದೊಂದೇನಾ ಕಾರಣ?”

“ಅದೊಂದೇ ಅಲ್ಲ,” ಎಂದ. ಅವನ ದನಿ ಏರಲಿಲ್ಲ. ಏರಿದ್ದರೆ ನನಗೂ ಜಗಳ ಆಡಲಿಕ್ಕಾಗುತ್ತಿತ್ತು.

ಪುಟ್ಟೀರಮ್ಮ ಜಾಕೆಟ್ಟಿನ ದಾರ ಬಿಚ್ಚುತ್ತ, “ಬಿಡೇ ಕೆಂಚಮ್ಮಾ. ನಮ್ಮಪ್ಪ ಬದುಕಿದ್ದಾಗ್ಲೂ ದೋಣಿ ಇಳಿದ್ರೆ ಜಗುಲಿ ಬಿಟ್ಟು ಏಳ್ತಿರಲಿಲ್ಲ, ಸತ್ತ ಮೇಲೂ ಏಳಲಿಲ್ಲ. ಚಾಪೆ ಒಣಗಿಸಿ ಒಣಗಿಸಿ ನನ್ನ ಸೊಂಟ ಬಿತ್ತು,” ಎಂದಳು. ಆಮೇಲೆ ದಾರದ ಗಂಟು ಬಿಚ್ಚಲು ಬಾರದೆ ಹಾಗೇ ಕೈ ಬಿಟ್ಟು, “ಆದ್ರೂ ಬೆಳಿಗ್ಗೆ ಎದ್ದ ತಕ್ಷಣ ಹೋಗಿ ಚಾಪೆ ಮುಟ್ಟಿ ನೋಡ್ತೀನಿ ಕಣೆ,” ಎಂದಳು.

ನಾನು ಒಳಗೆ ಹೋಗಿ ಮೂರೂ ಬಗೆಯ ಲಂಗರು ತಂದು ದ್ಯಾವಣ್ಣನ ಮುಂದಿಟ್ಟೆ. ನಡುನೀರಿನ ತಳ ಬರೀ ಕೆಸರು. ಯಾರು ಕೇಳಿದರೂ ನಾನು ಅಣಬೆಯದನ್ನೇ ಕೊಡಬೇಕು. ಆದರೆ ಅಣಬೆ ನುಣುಪು. ಹಿಡಿಯಲು ಹೋದರೆ ಕೈ ಜಾರುತ್ತದೆ. ಸಲಿಕೆಯ ಅಂಚು ಹರಿತ. ನಾಲ್ಕು ಬೆರಳಿನ ಲಂಗರನ್ನು ಮುಂದೆ ಸರಿಸಿದೆ.

“ಇದು ಬಂಡೆಗಲ್ವಾ ಅಕ್ಕ?” ಎಂದ ದ್ಯಾವಣ್ಣ.

“ಬಂಡೆಗೇ. ಆದ್ರೆ ಹಿಡ್ಕೊಳ್ಳೋಕೆ ಚೆನ್ನಾಗಿದೆ.”

ಯಾರು ಹಿಡಿದುಕೊಳ್ಳಲಿಕ್ಕೆ ಅಂತ ಅವನು ಕೇಳಲಿಲ್ಲ. ನಾನೇ ಹೇಳಿದೆ. “ನೋಡಪ್ಪ ದ್ಯಾವಾ, ಹಿಂದೆ ಹಗ್ಗ ಕಟ್ಬೇಡ. ನಾನೂ ಹಟ ಮಾಡಲ್ಲ. ಸಂಜೆ ಬರೋವಾಗ ನಡುನೀರಲ್ಲಿ ಇಂಜಿನ್ ಆರಿಸಿ ಇದನ್ನ ಕೆಳಗೆ ಬಿಡು. ಬರೋರು ಬಂದು ಹಿಡ್ಕೊಳ್ಳಲಿ. ಆಮೇಲೆ ಹಗ್ಗ ಗಿಡ್ಡ ಮಾಡಿ ಮೂತಿ ಹತ್ರಾನೇ ಕಟ್ಟಿ, ಮೆಲ್ಲಗೆ ಬಾ. ಅಷ್ಟು ಗಿಡ್ಡ ಹಗ್ಗ ನಿನ್ನ ಬೋಟಿನ ಬಾಯಿಗೆ ಎಟುಕಲ್ಲ.”

ದ್ಯಾವಣ್ಣ ಲಂಗರಿನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ, ಮಡಚಿದ. “ರೋಗಿ ಇದ್ದ ದಿನ ಇಲ್ಲ,” ಎಂದ.

“ರೋಗಿ ಇದ್ದ ದಿನ ಇಲ್ಲ.”

“ಕಟ್ಟಿಕೊಡು ಹಂಗಾರೆ.”

ಜೊತೆಗೆ ಊದಲು ಒಂದು ಕೊಂಬು, ನೀರೆತ್ತಿ ಚೆಲ್ಲಲು ಒಂದು ಬೋಗುಣಿ, ಬೆಂಕಿ ಆರಿಸುವ ಸಿಲಿಂಡರು, ಮರದ ಹುಟ್ಟು ಒಂದು, ಒಂದು ಚಾಕು. ಚಾಕು ಯಾಕೆ ಎಂದಳು ಪುಟ್ಟೀರಮ್ಮ. ಬೋಟಿನ ಬಾಯಿಗೆ ಜೊಂಡು ಸಿಕ್ಕಿಕೊಂಡರೆ ಬಿಡಿಸಲಿಕ್ಕೆ ಎಂದೆ. ನಾನೇ ಸಾಣೆ ಹಿಡಿದು ಕೊಟ್ಟೆ.

ಲಂಗರು ಕೊಟ್ಟವರು ಮೊದಲ ಸಲ ದೋಣಿಯಲ್ಲಿ ಕೂರಬೇಕು ಅನ್ನುವುದು ನಮ್ಮಲ್ಲಿ ವಾಡಿಕೆ. ಲಂಗರು ಕೈ ಕೊಟ್ಟರೆ ಮೊದಲು ಮುಳುಗುವವನು ಅದನ್ನು ಮಾರಿದವನೇ ಆಗಲಿ ಅಂತ ಹಿರಿಯರು ಮಾಡಿದ್ದಿರಬೇಕು. ಮಾರನೆಯ ದಿನ ಬೆಳಗಿನ ತಿಂಡಿಯಾದ ಮೇಲೆ ನಾನೂ ದ್ಯಾವಣ್ಣನೂ ಹೊರಟೆವು. ಧಕ್ಕೆಯಲ್ಲಿ ಜನ ಸೇರಿದ್ದರು. ಯಾರೂ ಕೂಗಲಿಲ್ಲ, ಕೈ ಬೀಸಲಿಲ್ಲ. ನಾನು ಲಂಗರು ಹಿಡಿದು ಕೂತದ್ದನ್ನು ನೋಡಿಕೊಂಡು ನಿಂತರು. ಸುದ್ದಿ ಆಗಲೇ ಮನೆಮನೆ ಮುಟ್ಟಿತ್ತು. ಬರುವ ದಾರಿಯಲ್ಲಿ ಎಷ್ಟೋ ಜಗುಲಿಗಳಲ್ಲಿ ಚಾಪೆ ಹಾಸಿದ್ದನ್ನು ಕಂಡಿದ್ದೆ, ಸಂಜೆಗೆ ಕಾಯದೆ.

ಬೋಟ್ ಒಮ್ಮೆ ಗುಟುರು ಹಾಕಿ ಹಾರಿತು. ಅಷ್ಟು ಬೇಗ ನಡುನೀರು ಎದುರಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಗಾಳಿಗೆ. ನಡುನೀರಿನಲ್ಲಿ ದ್ಯಾವಣ್ಣ ಇಂಜಿನ್ ಆರಿಸಿದ. ಕಿವಿಯೊಳಗೆ ಅದರ ಸದ್ದು ಇನ್ನೂ ಓಡುತ್ತಲೇ ಇತ್ತು. ನಡುನೀರಿನಲ್ಲಿ ಲಂಗರು ಹಾಕಿದವರು ನಮ್ಮೂರಲ್ಲಿ ಯಾರೂ ಇಲ್ಲ. ಇನ್ನೊಬ್ಬರ ಮನೆಯಂಗಳಕ್ಕೆ ಯಾರಾದರೂ ಕಬ್ಬಿಣ ಎಸೆಯುತ್ತಾರೆಯೆ? ನಾನು ಎಸೆಯಲಿಲ್ಲ. ಬೋಟಿನ ಮೂತಿಯ ಮೇಲೆ ಮೊಣಕಾಲೂರಿ, ಬಾವಿಗೆ ಕೊಡ ಬಿಡುವ ಹಾಗೆ ಮೆಲ್ಲಗೆ ಬಿಟ್ಟೆ. ಸರಪಳಿ ಗಲಗಲ ಇಳಿಯಿತು. ಹಗ್ಗ ನನ್ನ ಅಂಗೈಯಲ್ಲಿ ಜಾರುತ್ತ ಹೋಯಿತು. ಹಗ್ಗದ ಸುರುಳಿ ಬಹುಪಾಲು ಹಾಗೇ ಇರುವಾಗ ನಿಂತುಬಿಟ್ಟಿತು, ಅಲ್ಲಿಗೇ ಮೂತಿಯ ಕೊಂಡಿಗೆ ಗಂಟು ಹಾಕಿದೆ.

“ತಳ ಸಿಕ್ತಾ ಅಕ್ಕ?”

“ತಳ ಇನ್ನೂ ಎಲ್ಲೋ ಇದೆ ಕಣೋ.”

ಹಗ್ಗ ಅಂಗೈಯಲ್ಲಿ ಮಿಡಿಯಿತು. ಎರಡು. ತಡೆ. ಮತ್ತೊಂದು.

ನಾನು ಏನು ಹೇಳಲಿ? ಅಷ್ಟು ದಿನ ಒಣ ಚಾಪೆ ಮಡಚಿಟ್ಟವಳು ನಾನು. ಬಂದಿದಾರೆ ಕಣಪ್ಪ, ಬಂದಿದಾರೆ ಎಂದು ಹುಚ್ಚಿಯ ಹಾಗೆ ನಕ್ಕೆ. ದ್ಯಾವಣ್ಣನೂ ಬಂದು ಹಗ್ಗ ಮುಟ್ಟಿದ. ಆಗಲೇ ಇನ್ನೊಂದು ಭಾರ ಬಿತ್ತು, ಅದರ ಮೇಲೆ ಮತ್ತೊಂದು. ಆಮೇಲೆ ಎಣಿಸಲಿಕ್ಕಾಗದ ಹಾಗೆ ಬಂದರು. ಹಗ್ಗ ತಂತಿಯ ಹಾಗೆ ಬಿಗಿದು ಸಣ್ಣಗೆ ಕಿರುಗುಟ್ಟತೊಡಗಿತು. ಬೋಟಿನ ಮೂತಿ ಒಂದು ಗೇಣು ತಗ್ಗಿತು.

“ಎಷ್ಟು ಜನ ಅಕ್ಕಾ?”

“ಎಲ್ಲಾರೂ ಕಣಪ್ಪ. ಇಷ್ಟು ದಿನ ಬರದೆ ಉಳಿದೋರೆಲ್ಲ ಒಟ್ಟಿಗೆ ಬಂದಿದಾರೆ.”

ಹಗ್ಗವನ್ನು ಗಿಡ್ಡ ಮಾಡಬೇಕಲ್ಲ, ಇಬ್ಬರೂ ಸೇರಿ ಎಳೆದೆವು. ಒಂದು ಬೆರಳಗಲವೂ ಮೇಲೆ ಬರಲಿಲ್ಲ. ಬದಲಿಗೆ ಮೂತಿ ಇನ್ನಷ್ಟು ತಗ್ಗಿ, ನೀರು ಒಳಗೆ ಚೆಲ್ಲಿತು. ನಾನು ಬೋಗುಣಿ ಹುಡುಕುತ್ತಿದ್ದೆ. ಆಗ ಊರಿನ ಕಡೆಯಿಂದ ಕಂಬಿಯ ಸದ್ದು ಕೇಳಿಸಿತು. ಧಕ್ಕೆಯಲ್ಲಿ ರೈಲುಕಂಬಿಯ ತುಂಡೊಂದನ್ನು ತೂಗುಹಾಕಿದ್ದೇವೆ. ಆಸ್ಪತ್ರೆಗೆ ಒಯ್ಯಬೇಕಾದವರನ್ನು ಹೊತ್ತು ತಂದಾಗ ಮಾತ್ರ ಅದನ್ನು ಬಡಿಯುವುದು.

 ದ್ಯಾವಣ್ಣ ಓಡಿಹೋಗಿ ಇಂಜಿನ್ ಹಚ್ಚಿದ. ಮುಂದಕ್ಕೆ ಬಿಟ್ಟರೆ ಹಗ್ಗ ಹೊಟ್ಟೆಯಡಿ ಸೇರಿ ಬಾಯಿಗೆ ಸಿಗುತ್ತದೆ. ಹಿಂದಕ್ಕೆ ಬಿಟ್ಟ. ಬೋಟ್ ಹಿಂದೆ ಸರಿಯುವ ಬದಲು ಮೂತಿ ಅದ್ದಿತು. ಮತ್ತೆ ಆರಿಸಿದ. ಕಂಬಿ ಬಡಿಯುತ್ತಲೇ ಇತ್ತು.

“ಯಾರಿಗೆ ಏನಾಯ್ತೋ,” ಎಂದೆ.

ಅವನು ಮೂತಿಗೆ ಬಂದು ಮಲಗಿ, ನೀರಿಗೆ ಬಾಯಿಟ್ಟು ಕೂಗಿದ. “ಅಪ್ಪಾ, ಬಿಡಪ್ಪಾ! ನಾಳೆ ಬರ್ತೀನಿ, ಇವತ್ತು ಬಿಡು! ಅವತ್ತೂ ಬಿಡಲಿಲ್ಲ ನೀನು. ಒಂದೇ ಒಂದ್ಸಲ ಬಿಡೋ ಮಾರಾಯಾ!”

ಬಿಡಲಿಲ್ಲ. ಯಾರೂ ಬಿಡಲಿಲ್ಲ.

ಗಂಟು ಕೊಂಡಿಯ ಮೇಲೆ ಕಲ್ಲಿನ ಹಾಗೆ ಬಿಗಿದಿತ್ತು, ಬಿಚ್ಚುವ ಮಾತೇ ಇರಲಿಲ್ಲ. ದ್ಯಾವಣ್ಣ ಚಾಕು ತೆಗೆದ. ಹಗ್ಗದ ಮೇಲೆ ಇಟ್ಟ.  ಚಾಕು ಹಗ್ಗದ ಮೇಲೆ ಕುಣಿಯಿತೇ ಹೊರತು ಕೊಯ್ಯಲಿಲ್ಲ. ಅವನು ನನ್ನ ಮುಖ ನೋಡಿದ. ಚಿಕ್ಕ ಮಕ್ಕಳು ಹಾಗೆ ನೋಡುತ್ತವೆ.

“ಕೊಡಿಲ್ಲಿ,” ಎಂದೆ.

“ಅಕ್ಕಾ, ಭಾವ…”

“ಕೊಡು ಅಂದೆ.”

ಎಡಗೈ ಹಗ್ಗದ ಮೇಲಿಟ್ಟೆ. ಅಷ್ಟು ಜನರ ಕೆಳಗೆ, ಎಲ್ಲರಿಗಿಂತ ಮೊದಲು ಹಿಡಿದವರು ಅವರೇ ತಾನೆ, ಮತ್ತೆ ಜಗ್ಗಿದರು. ಎರಡು. ತಡೆ. ಮತ್ತೊಂದು. ಎಳೀರಿ ಅನ್ನುತ್ತಿದ್ದರು. ನಾನು ಕೊಯ್ದೆ. ಹೊಸ ಚಾಕು, ಬೇಗ ಕೊಯ್ಯಿತು. ಹಗ್ಗದ ತುದಿ ನೀರೊಳಗೆ ಹೋದದ್ದು ಕಾಣಲೂ ಇಲ್ಲ. ಬೋಟಿನ ಮೂತಿ ತಟಕ್ಕನೆ ಮೇಲೆದ್ದು ನನ್ನನ್ನು ಹಿಂದಕ್ಕೆ ಬೀಳಿಸಿತು.

ಧಕ್ಕೆಯಲ್ಲಿ ಕಂಬಿ ಬಡಿಯುತ್ತಿದ್ದವಳು ಪುಟ್ಟೀರಮ್ಮ. ಹಿಟ್ಟಿನ ಗಿರಣಿಯ ಮಾದೇವಿಯ ಕೈ ಯಂತ್ರದ ಪಟ್ಟಿಗೆ ಸಿಕ್ಕಿತ್ತು. ಹಿಟ್ಟಿನ ಚೀಲವನ್ನೇ ಕೈಗೆ ಸುತ್ತಿ ತಂದಿದ್ದರು. ರಕ್ತವೂ ಹಿಟ್ಟೂ ಕಲೆತು ಕೆಂಪು ಕಣಕವಾಗಿತ್ತು. ಅವಳನ್ನು ಬೋಟಿಗೆ ಇಳಿಸುತ್ತ ಪುಟ್ಟೀರಮ್ಮ ನನ್ನ ಕಿವಿಯ ಹತ್ತಿರ, “ಬಂದ್ರಾ?” ಎಂದಳು. ನಾನು ಮಾದೇವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಪುಟ್ಟೀರಮ್ಮ ಬೋಟಿನ ಮೂತಿಯಲ್ಲಿ ತೂಗುತ್ತಿದ್ದ ಹಗ್ಗದ ತುಂಡನ್ನು ನೋಡಿದಳು. ಮತ್ತೆ ಕೇಳಲಿಲ್ಲ.

ಎಲೆಯಡಿಕೆ ಜಗಿದು ಉಗುಳುವಷ್ಟರಲ್ಲಿ ಆಚೆ ದಡ ಹತ್ತಿರ ಬಂದಿತ್ತು. ಮಾದೇವಿ ಅರೆಗಣ್ಣು ತೆರೆದು, “ದೋಣಿ ಯಾಕಿಷ್ಟು ಹಗುರ ಇದೆ?” ಎಂದಳು.

“ಹೊಸದು ಕಣೆ. ಮಾತಾಡಬೇಡ.”

“ನಮ್ಮಮ್ಮ ಹಿಡ್ಕೊಳ್ಳಲಿಲ್ವಾ?”

“ಮಾತಾಡಬೇಡ ಅಂದೆ ನೋಡು.”

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಬಹಳ ಹೊತ್ತು ಕೂತಿದ್ದೆವು. ಕೊನೆಗೆ ದಾದಿಯೊಬ್ಬಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಕೈ ಉಳಿಯೋದು ಕಷ್ಟ. ಜೀವಕ್ಕೇನೂ ಭಯ ಇಲ್ಲ. ಸರಿಯಾದ ಹೊತ್ತಿಗೆ ತಂದ್ರಿ,” ಎಂದು ಒಳಗೆ ಹೋದಳು. “ಸರಿಯಾದ ಹೊತ್ತಿಗೆ,” ಎಂದ ದ್ಯಾವಣ್ಣ. ಇನ್ನೊಂದು ಸಲ ಅದನ್ನೇ ಅಂದ. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತ. ರತ್ನಿ ಸತ್ತ ದಿನ ಅವನು ಅತ್ತಿರಲಿಲ್ಲ ಅಂತ ಊರಲ್ಲಿ ಹೇಳುತ್ತಾರೆ.

ಹಿಂದಿರುಗುವಾಗ ಮೋಡ ಕವಿದಿತ್ತು. ಪಡುವಣ ಗಾಳಿ, ನಮ್ಮೂರಿನ ಕಡೆಗೇ ಬೀಸುತ್ತಿತ್ತು. ನಡುನೀರಿಗೆ ಬಂದಾಗ ನಾನು ಏನೂ ಹೇಳದಿದ್ದರೂ ದ್ಯಾವಣ್ಣ ವೇಗ ತಗ್ಗಿಸಿದ. ಆಮೇಲೆ ಇಂಜಿನ್ ಆರಿಸಿಯೇ ಬಿಟ್ಟ.

“ಯಾಕೋ ನಿಲ್ಲಿಸಿದೆ?”

“ಸುಮ್ನೆ.” ಬೋಟಿನಂಚಿಗೆ ಕೂತು ನೀರು ನೋಡಿದ. “ಬೈಕೊಳ್ತಿರಬಹುದಾ ಅಕ್ಕ ನಮ್ಮನ್ನ?”

“ಬೈಕೊಳ್ಳಲಿ. ಬೈಯೋದಕ್ಕಾದ್ರೂ ನೆನೆಸ್ಕೊಳ್ಳಲಿ.”

“ನನ್ನ ಕೈಲಿ ಅವತ್ತೂ ಕೊಯ್ಯೋಕಾಗಲಿಲ್ಲ, ಇವತ್ತೂ ಆಗಲಿಲ್ಲ. ನಿನ್ನ ಕೈಲಿ ಹೆಂಗಾಯ್ತು?”

“ಅಲ್ಲಿ ನನ್ನದು ಅಂತ ಒಂದು ಇತ್ತಲ್ಲಪ್ಪ, ಅದಕ್ಕೆ. ಬರೀ ಬೇರೆಯವರದೇ ಆಗಿದ್ರೆ ಕೊಯ್ಯೋಕೆ ನಾನ್ಯಾರು?”

 ನಾನು ಸೀರೆಯ ಮೇಲೆ ಒಣಗಿ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತೆ. ಗಾಳಿ ಜೋರಾಯಿತು. ನನ್ನ ಸೆರಗು ಪಟಪಟ ಬಡಿದುಕೊಳ್ಳತೊಡಗಿತು. ಹರಿದುಬಂದ ಜೊಂಡಿನ ಕಂತೆಯೊಂದು ನಮ್ಮ ಪಕ್ಕದಲ್ಲೇ ಹಾಯ್ದು ಊರಿನ ಕಡೆ ತೇಲಿಹೋಯಿತು. ಅದರ ಹಿಂದೆ ಇನ್ನೊಂದು.

“ಅಕ್ಕಾ,” ಎಂದ ದ್ಯಾವಣ್ಣ ಮೆಲ್ಲಗೆ, “ಇಷ್ಟು ಗಾಳಿ ಇದೆ. ನಾವು ಸರೀತಾ ಇಲ್ಲ.”

“ಗೊತ್ತು.”

“ಇಂಜಿನ್ ಹಾಕ್ಲಾ?”

“ಬೇಡ. ಇರು.”

ಲಂಗರಿಲ್ಲದ ಬೋಟ್ ನಡುನೀರಿನಲ್ಲಿ ಗೂಟಕ್ಕೆ ಕಟ್ಟಿದ ಹಾಗೆ ನಿಂತಿತ್ತು. ಅಲೆಗಳು ಬಂದು ಬದಿಗೆ ಬಡಿದು ಸುತ್ತಿಕೊಂಡು ಹೋಗುತ್ತಿದ್ದವು. ನಾವಿಬ್ಬರೂ ಅಲುಗದೆ ಕೂತೆವು. ನಾನು ನೀರಿಗೆ ಕೈ ಹಾಕಲಿಲ್ಲ, ಅವನು ಅಪ್ಪನನ್ನು ಕರೆಯಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಮೊದಲು ಮೂತಿಯ ಕಡೆ, ಆಮೇಲೆ ನಮ್ಮ ಕಾಲಡಿ, ಒಬ್ಬೊಬ್ಬರಾಗಿ ಕೈ ತೆಗೆಯುತ್ತಿರುವ ಹಾಗೆ ಬೋಟ್ ಅಷ್ಟಷ್ಟೇ ಹಗುರಾಗುತ್ತ ಬಂತು. ಕೊನೆಯ ಒಂದು ಭಾರ ಮಾತ್ರ ನಾನು ಕೂತಲ್ಲಿಯ ಅಡಿಯಲ್ಲೇ ತುಸು ಹೊತ್ತು ಉಳಿಯಿತು. ಆಮೇಲೆ ಅದೂ ಬಿಟ್ಟಿತು. ಬೋಟ್ ಅಡ್ಡಡ್ಡ ತಿರುಗಿ, ಗಾಳಿಗೆ ಮೈಕೊಟ್ಟು, ಊರಿನ ಕಡೆಗೆ ಮೆಲ್ಲಗೆ ತೇಲತೊಡಗಿತು.